ಕಾಣದ ಕೆಲಸಕ್ಕೆ ಮೆಚ್ಚುಗೆ: ಮ್ಯಾನೇಜರ್ ಹುದ್ದೆ ತೆಳುವಾಗುತ್ತಿರುವ ಹೊತ್ತಿನಲ್ಲಿ

2024ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಸಿಇಒ ಆಂಡಿ ಜಾಸ್ಸಿ ನೌಕರರಿಗೆ ಬರೆದ ಪತ್ರದಲ್ಲಿ ಒಂದು ಲೆಕ್ಕವಿತ್ತು. 2025ರ ಮೊದಲ ತ್ರೈಮಾಸಿಕ ಮುಗಿಯುವುದರೊಳಗೆ ಪ್ರತಿ ದೊಡ್ಡ ವಿಭಾಗದಲ್ಲೂ ಮ್ಯಾನೇಜರ್‌ಗಳಿಗೆ ಹೋಲಿಸಿದರೆ ಉಳಿದ ನೌಕರರ ಅನುಪಾತ ಕನಿಷ್ಠ ಶೇ 15ರಷ್ಟು ಹೆಚ್ಚಬೇಕು ಎಂಬುದು ಆ ಲೆಕ್ಕ. ಅದಕ್ಕೂ ಹಿಂದಿನ ವರ್ಷ ಮೆಟಾ ಕಂಪನಿ ತನ್ನ ಅನೇಕ ಮ್ಯಾನೇಜರ್‌ಗಳನ್ನು ತಂಡದ ಜವಾಬ್ದಾರಿಯಿಂದ ಬಿಡಿಸಿ ಮತ್ತೆ ನೇರ ಕೆಲಸಕ್ಕೆ ಹಚ್ಚುವುದಾಗಿ ಹೇಳಿತ್ತು. ನಡುಹಂತವನ್ನು ತೆಳುವಾಗಿಸುವುದು ಈಗ ಹಲವು ದೊಡ್ಡ ಸಂಸ್ಥೆಗಳ ಘೋಷಿತ ನೀತಿ.

ಇದೇ ಅವಧಿಯಲ್ಲಿ ಆ ಹುದ್ದೆಯಲ್ಲಿ ಇರುವವರ ಉತ್ಸಾಹವೂ ಇಳಿದಿದೆ. ಸಮೀಕ್ಷೆಗಳನ್ನು ನಡೆಸುವ ಗ್ಯಾಲಪ್ ಸಂಸ್ಥೆಯ 2025ರ ಜಾಗತಿಕ ವರದಿಯ ಪ್ರಕಾರ, ಕೆಲಸದಲ್ಲಿ ಮನಸ್ಸಿಟ್ಟು ತೊಡಗಿರುವ ಮ್ಯಾನೇಜರ್‌ಗಳ ಪ್ರಮಾಣ ಒಂದೇ ವರ್ಷದಲ್ಲಿ ಶೇ 30ರಿಂದ 27ಕ್ಕೆ ಬಿತ್ತು. ತಂಡದ ಹೊಣೆ ಇಲ್ಲದ ನೌಕರರಲ್ಲಿ ಅದು ಶೇ 18ರಲ್ಲೇ ನಿಂತಿತ್ತು. ಕುಸಿತ ಹೆಚ್ಚು ಕಂಡದ್ದು 35 ವರ್ಷದೊಳಗಿನ ಮ್ಯಾನೇಜರ್‌ಗಳಲ್ಲಿ ಮತ್ತು ಮಹಿಳಾ ಮ್ಯಾನೇಜರ್‌ಗಳಲ್ಲಿ.

ಹುದ್ದೆ ತೆಗೆಯುವುದು ಎಲ್ಲ ಕಡೆಯೂ ತಪ್ಪೆಂದು ಹೇಳಲಾಗದು. ಒಂದು ಸಹಿಗಾಗಿ ಕಡತ ಆರು ಮೇಜು ಸುತ್ತುವ ಕಚೇರಿಗಳು ನಿಜಕ್ಕೂ ಇವೆ. ಆದರೆ ಹುದ್ದೆ ತೆಗೆಯುವ ಮುನ್ನ, ‘ಈ ವ್ಯಕ್ತಿ ದಿನವಿಡೀ ಏನು ಮಾಡುತ್ತಿದ್ದರು?’ ಎಂದು ಕೇಳಿ ನೋಡಿ. ಕೈಕೆಳಗಿನವರಾಗಲಿ ಮೇಲಿನವರಾಗಲಿ ನಾಲ್ಕು ಖಚಿತ ವಾಕ್ಯ ಹೇಳಲು ತಡವರಿಸುತ್ತಾರೆ. ಮೆಚ್ಚುಗೆಯ ತೊಡಕು ಇರುವುದೂ ಇಲ್ಲೇ. ಮ್ಯಾನೇಜರ್‌ಗೆ ಥ್ಯಾಂಕ್ಸ್ ಹೇಳಲು ಜನ ಜಿಪುಣರು ಎಂಬುದಕ್ಕಿಂತ, ಯಾವುದಕ್ಕೆ ಹೇಳಬೇಕು ಎಂಬುದೇ ಅವರಿಗೆ ಕಾಣುವುದಿಲ್ಲ.

ಕೆಲಸ ಎಲ್ಲಿ ಅಡಗಿದೆ

ಗ್ರಾಹಕರೊಬ್ಬರು ಕೆಲಸವನ್ನು 10 ದಿನ ಮುಂಚೆಯೇ ಕೊಡಿ ಎಂದು ಕೇಳುತ್ತಾರೆ ಎಂದಿಟ್ಟುಕೊಳ್ಳೋಣ. ಒಳ್ಳೆಯ ಮ್ಯಾನೇಜರ್ ಆ ಮೇಲ್ ಅನ್ನು ಹಾಗೇ ತಂಡಕ್ಕೆ ದಾಟಿಸುವುದಿಲ್ಲ. ಮೊದಲು ಫೋನ್ ಮಾಡಿ, ಅಷ್ಟು ಬೇಗ ನಿಜಕ್ಕೂ ಬೇಕಿರುವುದು ಮೂರು ಭಾಗಗಳಲ್ಲಿ ಒಂದು ಮಾತ್ರ ಎಂದು ತಿಳಿದುಕೊಳ್ಳುತ್ತಾರೆ. ಆ ಭಾಗ ಗೊತ್ತಿರುವ ಒಬ್ಬರನ್ನು ಪಕ್ಕದ ವಿಭಾಗದಿಂದ ನಾಲ್ಕು ದಿನದ ಮಟ್ಟಿಗೆ ಕೇಳಿ ಪಡೆಯುತ್ತಾರೆ, ಅದಕ್ಕೆ ಬದಲಾಗಿ ಮುಂದಿನ ತಿಂಗಳು ತಮ್ಮವರೊಬ್ಬರನ್ನು ಕಳಿಸುವ ಮಾತು ಕೊಡುತ್ತಾರೆ. ಉಳಿದ ಎರಡು ಭಾಗಗಳು ಹಳೆಯ ದಿನಾಂಕಕ್ಕೇ ಬರುತ್ತವೆ ಎಂದು ತಮ್ಮ ಮೇಲಧಿಕಾರಿಯನ್ನು ಒಪ್ಪಿಸುತ್ತಾರೆ. ರಜೆ ಕೇಳಿದ್ದ ಇಬ್ಬರಲ್ಲಿ ಯಾರ ರಜೆಗೂ ಕೈ ಹಾಕುವುದಿಲ್ಲ. ಇಷ್ಟೆಲ್ಲ ಆದ ಮೇಲೆ ತಂಡದ ಕಿವಿಗೆ ಬೀಳುವುದು ಒಂದೇ ವಾಕ್ಯ: ‘ಈ ವಾರ ಮೊದಲು ಇದನ್ನು ಮುಗಿಸೋಣ.’

ಮೇಲ್ ಹಾಗೇ ದಾಟಿಸುವ ಮ್ಯಾನೇಜರ್ ಇದ್ದಿದ್ದರೆ ತಂಡಕ್ಕೆ ಎರಡು ವಾರ ನಿದ್ದೆ ಇರುತ್ತಿರಲಿಲ್ಲ, ರಜೆಗಳು ರದ್ದಾಗುತ್ತಿದ್ದವು, ಕೊನೆಗೆ ‘ಎಲ್ಲರೂ ಸೇರಿ ಗೆದ್ದೆವು’ ಎಂಬ ಅಭಿನಂದನಾ ಸಭೆಯೂ ನಡೆಯುತ್ತಿತ್ತು. ಚಪ್ಪಾಳೆ ಬೀಳುವುದು ಎರಡನೆಯವರಿಗೆ. ಎಂಐಟಿಯ ನೆಲ್ಸನ್ ರೆಪೆನಿಂಗ್ ಮತ್ತು ಜಾನ್ ಸ್ಟರ್ಮನ್ 2001ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳೂ ಇದೇ: ಬೆಂಕಿ ಹತ್ತದಂತೆ ನೋಡಿಕೊಂಡವರಿಗೆ ಶ್ರೇಯ ಸಿಗುವುದಿಲ್ಲ, ಹತ್ತಿದ ಬೆಂಕಿ ಆರಿಸಿದವರಿಗೆ ಸಿಗುತ್ತದೆ. ಹೀಗಾಗಿ ಸಂಸ್ಥೆಗಳು ತಮಗೇ ಗೊತ್ತಿಲ್ಲದಂತೆ ಬೆಂಕಿ ಆರಿಸುವವರನ್ನೇ ಮೇಲಕ್ಕೇರಿಸುತ್ತಾ ಹೋಗುತ್ತವೆ.

ಕೆಲಸ ಕಾಣದಿರಲು ಇನ್ನೊಂದು ಕಾರಣ ಅದು ಚೂರುಚೂರಾಗಿರುವುದು. 1950ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳ 56 ಫೋರ್‌ಮನ್‌ಗಳ (ಕೆಲಸಗಾರರ ಮೇಲ್ವಿಚಾರಕರ) ದಿನಚರಿಯನ್ನು ಗಮನಿಸಿದ ಅಧ್ಯಯನವೊಂದು 8 ಗಂಟೆಯ ಪಾಳಿಯಲ್ಲಿ ಅವರು ಸರಾಸರಿ 583 ಕೆಲಸಗಳಿಗೆ ಕೈ ಹಾಕುತ್ತಾರೆ ಎಂದು ಎಣಿಸಿತು. ಅಂದರೆ ಹೆಚ್ಚುಕಡಿಮೆ 50 ಸೆಕೆಂಡಿಗೆ ಒಂದು. 1973ರಲ್ಲಿ ನಿರ್ವಹಣಾ ವಿದ್ವಾಂಸ ಹೆನ್ರಿ ಮಿಂಟ್ಸ್‌ಬರ್ಗ್ ಐವರು ಮುಖ್ಯ ಕಾರ್ಯನಿರ್ವಾಹಕರ ಬಗ್ಗೆ ಬರೆದದ್ದೂ ಇದನ್ನೇ ಹೇಳುತ್ತದೆ: ಅವರು ಮಾಡಿದ ಕೆಲಸಗಳಲ್ಲಿ ಅರ್ಧದಷ್ಟು 9 ನಿಮಿಷದೊಳಗೆ ಮುಗಿಯುವಂಥವು. ಹೀಗೆ ಹರಿದು ಹಂಚಿಹೋದ ದಿನದ ಕೊನೆಗೆ ‘ಇವತ್ತು ಏನು ಮಾಡಿದಿರಿ?’ ಎಂದರೆ ಮ್ಯಾನೇಜರ್‌ಗೇ ಉತ್ತರ ಹೊಳೆಯುವುದಿಲ್ಲ. ಕೋಡ್ ಬರೆದವರ ಬಳಿ ಕೋಡ್ ಇರುತ್ತದೆ, ಮಾರಾಟ ಮಾಡಿದವರ ಬಳಿ ಅಂಕಿ ಇರುತ್ತದೆ, ಇವರ ಬಳಿ ತೋರಿಸಲು ಕ್ಯಾಲೆಂಡರ್ ಒಂದೇ.

ಮೂರನೆಯದು ಸಂಬಂಧಗಳ ಲೆಕ್ಕ. ನಿರ್ವಹಣಾ ಸಲಹೆಗಾರ ವಿ.ಎ. ಗ್ರೈಕುನಾಸ್ 1933ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಮ್ಯಾನೇಜರ್ ಒಬ್ಬೊಬ್ಬರ ಜೊತೆ ನಡೆಸುವ ವ್ಯವಹಾರ, ಗುಂಪುಗಳ ಜೊತೆ ನಡೆಸುವ ವ್ಯವಹಾರ, ಸದಸ್ಯರು ತಮ್ಮತಮ್ಮಲ್ಲೇ ನಡೆಸುವ ವ್ಯವಹಾರ ಎಲ್ಲವನ್ನೂ ಕೂಡಿಸಿದರೆ 5 ಜನರ ತಂಡದಲ್ಲಿ 100 ಬಗೆಯ ಸಂಬಂಧಗಳಾಗುತ್ತವೆ. 6 ಜನರಾದರೆ 222, 8 ಜನರಾದರೆ 1,080. ಇವೆಲ್ಲ ಒಂದೇ ದಿನ ಜೀವಂತವಾಗಿರುವುದಿಲ್ಲ, ಆದ್ದರಿಂದ ಸೂತ್ರವನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಆದರೆ ಅದು ತೋರಿಸುವ ಏರುಗತಿ ಸರಿಯಾಗಿದೆ. ತಂಡಕ್ಕೆ ಒಬ್ಬರು ಸೇರಿದರೆ ಕೆಲಸ ಒಂದು ಪಾಲು ಹೆಚ್ಚುವುದಿಲ್ಲ. ಅವರು ಮತ್ತು ಉಳಿದ ಪ್ರತಿಯೊಬ್ಬರ ನಡುವೆ ಬರಬಹುದಾದ ತಿಕ್ಕಾಟ, ಮರೆವು, ಅಪಾರ್ಥಗಳೂ ಜೊತೆಗೇ ಬರುತ್ತವೆ. ಹುದ್ದೆ ಕಡಿತವಾದ ಕಡೆ ಉಳಿದ ಮ್ಯಾನೇಜರ್ ಹೆಗಲಿಗೆ ಏಳರ ಬದಲು ಹದಿನೈದು ಜನ ಬಂದಾಗ ಭಾರ ಇಮ್ಮಡಿಗಿಂತ ಎಷ್ಟೋ ಹೆಚ್ಚಾಗುವುದು ಇದೇ ಕಾರಣಕ್ಕೆ.

ಈ ಕೆಲಸಕ್ಕೆ ತೂಕ ಇದೆಯೇ? ಇದೆ. ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಲೇಜಿಯರ್, ಕ್ಯಾಥರಿನ್ ಶಾ, ಕ್ರಿಸ್ಟೋಫರ್ ಸ್ಟ್ಯಾಂಟನ್ 2015ರಲ್ಲಿ ಒಂದು ದೊಡ್ಡ ಕಂಪನಿಯ ದಿನವಹಿ ಉತ್ಪಾದನೆಯ ದಾಖಲೆ ಹಿಡಿದು ಲೆಕ್ಕ ಹಾಕಿದರು. ಕೆಳಗಿನ ಶೇ 10ರೊಳಗಿನ ಮೇಲ್ವಿಚಾರಕರ ಜಾಗಕ್ಕೆ ಮೇಲಿನ ಶೇ 10ರೊಳಗಿನವರನ್ನು ತಂದರೆ ಸಿಗುವ ಹೆಚ್ಚಳ, 9 ಜನರ ತಂಡಕ್ಕೆ ಇನ್ನೊಬ್ಬರನ್ನು ಸೇರಿಸಿದಷ್ಟು. ಗೂಗಲ್ 2002ರಲ್ಲಿ ಎಂಜಿನಿಯರಿಂಗ್ ವಿಭಾಗದ ಮ್ಯಾನೇಜರ್ ಹುದ್ದೆಗಳನ್ನೇ ಕೈಬಿಟ್ಟು ನೋಡಿತ್ತು. ಖರ್ಚಿನ ಬಿಲ್‌ಗಳು, ಸಹೋದ್ಯೋಗಿಗಳ ನಡುವಿನ ಮನಸ್ತಾಪಗಳು ನೇರವಾಗಿ ಸಂಸ್ಥಾಪಕ ಲ್ಯಾರಿ ಪೇಜ್ ಮೇಜಿಗೆ ಬರತೊಡಗಿದವು. ಪ್ರಯೋಗ ಕೆಲವೇ ತಿಂಗಳಲ್ಲಿ ನಿಂತಿತು. ಮುಂದೆ ‘ಪ್ರಾಜೆಕ್ಟ್ ಆಕ್ಸಿಜನ್’ ಹೆಸರಿನಲ್ಲಿ ಅದೇ ಕಂಪನಿ ತನ್ನ ಒಳ್ಳೆಯ ಮ್ಯಾನೇಜರ್‌ಗಳನ್ನು ಅಭ್ಯಸಿಸಿ ಎಂಟು ಗುಣಗಳ ಪಟ್ಟಿ ಮಾಡಿತು. ಮೊದಲ ಸ್ಥಾನದಲ್ಲಿದ್ದದ್ದು ಒಳ್ಳೆಯ ಕೋಚ್ ಆಗಿರುವುದು. ತಾಂತ್ರಿಕ ಪರಿಣತಿ ಪಟ್ಟಿಯ ಕೊನೆಯಲ್ಲಿತ್ತು. ಸಿಬ್ಬಂದಿ ನಿರ್ವಹಣೆಯ ಸಾಫ್ಟ್‌ವೇರ್ ತಯಾರಿಸುವ ಯುಕೆಜಿ (UKG) ಸಂಸ್ಥೆ 2023ರಲ್ಲಿ 10 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ತಮ್ಮ ಮಾನಸಿಕ ಆರೋಗ್ಯದ ಮೇಲೆ ಮ್ಯಾನೇಜರ್‌ನ ಪ್ರಭಾವ ಬಾಳಸಂಗಾತಿಯ ಪ್ರಭಾವದಷ್ಟೇ ದೊಡ್ಡದು ಎಂದು ನೌಕರರು ಹೇಳಿದ್ದಾರೆ.

ಬಾಯಿ ಕಟ್ಟುವ ಭಯ

ಇಷ್ಟಾದರೂ ಒಳ್ಳೆಯ ಮಾತು ಕೆಳಗಿನಿಂದ ಮೇಲಕ್ಕೆ ಹೋಗುವುದು ಕಡಿಮೆ. ಅದಕ್ಕೆ ಸರಿಯಾದ ಕಾರಣವೇ ಇದೆ. ಮೆಚ್ಚಿ ಮಾತಾಡಿದವರನ್ನು ಪಕ್ಕದ ಮೇಜಿನವರು ‘ಬಕೆಟ್ ಹಿಡಿಯುತ್ತಿದ್ದಾರೆ’ ಎನ್ನುತ್ತಾರೆ. ಆ ಅನುಮಾನ ಬರೀ ಹೊಟ್ಟೆಕಿಚ್ಚಲ್ಲ. ಸಂಬಳದ ಏರಿಕೆ, ಬಡ್ತಿ, ರಜೆ ಎಲ್ಲವೂ ಯಾರ ಕೈಯಲ್ಲಿದೆಯೋ ಅವರನ್ನು ಹೊಗಳುವ ಮಾತಿಗೆ ಬೆಲೆ ತಾನಾಗಿಯೇ ಕಡಿಮೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಜೋನ್ಸ್ 1960ರ ದಶಕದಲ್ಲೇ ಈ ಇಕ್ಕಟ್ಟನ್ನು ಗುರುತಿಸಿದ್ದರು: ಓಲೈಕೆಯ ಅಗತ್ಯ ಹೆಚ್ಚಿದಷ್ಟೂ ಓಲೈಕೆಯ ಮಾತು ನಂಬಿಕೆ ಕಳೆದುಕೊಳ್ಳುತ್ತದೆ.

ಇನ್ನೊಂದು ಅಡ್ಡಿ ನಮ್ಮ ತಪ್ಪು ಅಂದಾಜು. ಸಂಶೋಧಕರಾದ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಂದ ಕೃತಜ್ಞತೆಯ ಪತ್ರ ಬರೆಸಿ, ಪಡೆದವರಿಗೆ ಹೇಗನ್ನಿಸಬಹುದು ಎಂದು ಮೊದಲೇ ಊಹಿಸಲು ಹೇಳಿದ್ದರು. ಪಡೆದವರಿಗೆ ಮುಜುಗರವಾಗುತ್ತದೆ ಎಂದು ಬರೆದವರು ಅತಿಯಾಗಿ ಊಹಿಸಿದರು; ಅವರಿಗಾದ ಅಚ್ಚರಿ ಮತ್ತು ಸಂತೋಷವನ್ನು ಕಡಿಮೆ ಊಹಿಸಿದರು. ‘ಇಷ್ಟು ಚಿಕ್ಕ ವಿಷಯ ಯಾಕೆ ಹೇಳುವುದು’ ಎಂದು ತಡೆದುಕೊಂಡ ಮಾತುಗಳಲ್ಲಿ ಬಹಳಷ್ಟು ಹೇಳಬೇಕಾದವೇ ಆಗಿರುತ್ತವೆ.

ಮ್ಯಾನೇಜರ್‌ಗೆ ಈ ಮಾತು ಸಂತೋಷಕ್ಕಿಂತ ಮಾಹಿತಿಯಾಗಿ ಹೆಚ್ಚು ಬೇಕು. ಈ ಲೇಖನದಲ್ಲಿ ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ವಿಷಯ ಇದು. ಸಭೆಯಲ್ಲಿ ತಾವು ಕೇಳಿದ ಒಂದು ಪ್ರಶ್ನೆ ಹೊಸಬರಿಗೆ ಬಾಯಿ ಬಿಡುವ ಧೈರ್ಯ ಕೊಟ್ಟಿತು ಎಂಬುದು ಅವರಿಗೆ ತಾನಾಗಿ ತಿಳಿಯುವ ದಾರಿಯೇ ಇಲ್ಲ. ದೂರುಗಳು ಮಾತ್ರ ತಪ್ಪದೆ ತಲುಪುತ್ತವೆ. ಯಾವುದು ಕೆಲಸ ಮಾಡುತ್ತಿದೆ ಎಂದು ಯಾರೂ ಹೇಳದಿದ್ದರೆ, ಒತ್ತಡ ಬಂದಾಗ ಅವರು ಮೊದಲು ಕೈಬಿಡುವುದು ಅದನ್ನೇ ಆಗಿರಬಹುದು. ಪ್ರತಿ ವಾರದ ಒನ್-ಆನ್-ಒನ್ ಮಾತುಕತೆ ಯಾರಿಗೂ ಬೇಕಾಗಿಲ್ಲ ಎಂದು ಭಾವಿಸಿ ನಿಲ್ಲಿಸಿದ ಮ್ಯಾನೇಜರ್‌ಗಳು ಎಷ್ಟೋ ಜನ. ಬೇಕಿತ್ತು ಎಂದು ತಂಡದಲ್ಲಿ ಯಾರೂ ಹೇಳಿರಲಿಲ್ಲ, ಅಷ್ಟೇ.

ಮಾತನ್ನು ಕಟ್ಟುವ ಬಗೆ

ಹೊಗಳಿಕೆಗೂ ಮೆಚ್ಚುಗೆಗೂ ಇರುವ ವ್ಯತ್ಯಾಸ ವಾಕ್ಯದ ಒಳಗೇ ಇದೆ. ಹೊಗಳಿಕೆ ವ್ಯಕ್ತಿಯ ಬಗ್ಗೆ ಇರುತ್ತದೆ, ಮೆಚ್ಚುಗೆ ಒಂದು ಕೃತ್ಯದ ಬಗ್ಗೆ. ‘ನಿಮ್ಮಂಥ ಮ್ಯಾನೇಜರ್ ಎಲ್ಲೂ ಇಲ್ಲ’ ಎಂಬುದನ್ನು ಯಾರ ಬಗ್ಗೆಯೂ, ಯಾವಾಗಲೂ ಹೇಳಬಹುದು. ಹಾಗಾಗಿಯೇ ಅದು ಹೊನ್ನಶೂಲ: ಏರಿಸಿದ್ದೂ ಚುಚ್ಚಿದ್ದೂ ಒಟ್ಟಿಗೇ. ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ಸಂಸ್ಥೆ ಪ್ರತಿಕ್ರಿಯೆ ಕೊಡಲು ರೂಪಿಸಿದ ಮೂರು ಭಾಗಗಳ ಕ್ರಮ ಇಲ್ಲಿ ಚೆನ್ನಾಗಿ ಒದಗುತ್ತದೆ. ಸಂದರ್ಭ ಯಾವುದು, ಆಗ ಅವರು ಮಾಡಿದ್ದೇನು, ಅದರಿಂದ ಆದದ್ದೇನು. ಹೀಗೆ:

‘ಮಂಗಳವಾರದ ಕರೆಯಲ್ಲಿ ಗ್ರಾಹಕರು ತಪ್ಪು ಯಾರದ್ದು ಎಂದು ಕೇಳಿದಾಗ, ಅದು ನನ್ನ ತೀರ್ಮಾನ, ನಾನು ಸರಿಪಡಿಸುತ್ತೇನೆ ಎಂದು ನೀವು ಹೇಳಿದಿರಿ. ಆ ಮಾತು ಕೇಳಿದ ಮೇಲೆ ದೋಷ ಎಲ್ಲಿ ಆಯಿತು ಎಂಬ ಟಿಪ್ಪಣಿಯನ್ನು ನಾನು ಏನನ್ನೂ ಮುಚ್ಚಿಡದೆ ಬರೆಯಲು ಸಾಧ್ಯವಾಯಿತು.’

ಎರಡೇ ವಾಕ್ಯ. ಇದರಲ್ಲಿ ‘ಅದ್ಭುತ’, ‘ಮಹಾನ್’ ಎಂಬ ಪದಗಳಿಲ್ಲ. ಮೂರನೇ ಭಾಗವನ್ನೇ ಜನ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಆದರೆ ಮ್ಯಾನೇಜರ್‌ಗೆ ಬೇರೆ ಯಾರೂ ಹೇಳಲಾಗದ ಮಾಹಿತಿ ಅದರಲ್ಲೇ ಇದೆ. ಪರಿಣಾಮವನ್ನು ಉಬ್ಬಿಸದಿರುವುದೂ ಮುಖ್ಯ. ‘ನನ್ನ ಜೀವನವೇ ಬದಲಾಯಿತು’ ಎಂದರೆ ಹಿಂದಿನ ಎರಡು ನಿಜ ವಾಕ್ಯಗಳೂ ಸುಳ್ಳಿನಂತೆ ಕೇಳುತ್ತವೆ.

ಹೊತ್ತು ಗೊತ್ತುಗಳ ವಿಷಯದಲ್ಲಿ ಎಡವುವವರು ಹೆಚ್ಚು. ಘಟನೆ ನಡೆದ ಎರಡು ಮೂರು ದಿನದೊಳಗೆ ಹೇಳಿದರೆ ಇಬ್ಬರಿಗೂ ವಿವರ ನೆನಪಿರುತ್ತದೆ. ಅಪ್ರೈಸಲ್‌ಗೆ ಮುಂಚಿನ ಒಂದು ತಿಂಗಳಲ್ಲಿ ಅದೇ ಮಾತು ವಸೂಲಿಯಂತೆ ಕಾಣುತ್ತದೆ. ವರ್ಷವಿಡೀ ಹೇಳದೆ ಆಗ ಮಾತ್ರ ಬಾಯಿ ತೆರೆದರಂತೂ ಅದು ವಸೂಲಿಯೇ. ರಜೆಯ ಅರ್ಜಿ, ಯೋಜನೆ ಬದಲಾವಣೆಯ ಕೋರಿಕೆ, ಸಂಬಳದ ಮಾತು ಇರುವ ಮೇಲ್‌ನಲ್ಲಿ ಮೆಚ್ಚುಗೆಯನ್ನು ಬೆರೆಸಬಾರದು. ದೂರು ಹೇಳುವ ಮುನ್ನ ಪೀಠಿಕೆಯಾಗಿ ಬಳಸುವುದೂ ಬೇಡ. ಎರಡು ಸಲ ಹಾಗೆ ಮಾಡಿದರೆ, ಮೂರನೇ ಸಲ ನೀವು ‘ಚೆನ್ನಾಗಿತ್ತು’ ಎಂದಾಗ ಕೇಳುವವರು ‘ಆದರೆ’ಗಾಗಿ ಕಾಯುತ್ತಾ ಕೂರುತ್ತಾರೆ.

ಎಲ್ಲರೆದುರು ಹೇಳಬೇಕೋ ಒಬ್ಬರೇ ಇದ್ದಾಗಲೋ ಎಂಬುದಕ್ಕೆ ಒಂದು ಪರೀಕ್ಷೆ ಇದೆ: ಈ ಮಾತಿನಿಂದ ಮೂರನೆಯವರಿಗೆ ಏನು ತಿಳಿಯುತ್ತದೆ? ಅನಾರೋಗ್ಯದ ದಿನಗಳಲ್ಲಿ ಕೆಲಸ ಹಗುರ ಮಾಡಿದ್ದಕ್ಕೆ ಗುಂಪಿನಲ್ಲಿ ಧನ್ಯವಾದ ಹೇಳಿದರೆ, ಮ್ಯಾನೇಜರ್ ಗುಟ್ಟಾಗಿ ಇಟ್ಟಿದ್ದ ಹೊಂದಾಣಿಕೆ ಬಯಲಾಗುತ್ತದೆ. ಮರುದಿನವೇ ‘ನಮಗೆ ಯಾಕಿಲ್ಲ’ ಎಂಬ ಪ್ರಶ್ನೆ ಎದುರಿಸಬೇಕಾದವರು ಅವರೇ. ಹೆಚ್ಚಿನ ಬಜೆಟ್ ಗಿಟ್ಟಿಸಿಕೊಟ್ಟದ್ದನ್ನು, ಆ ಬಜೆಟ್ ಕಳೆದುಕೊಂಡ ವಿಭಾಗದವರು ಇರುವ ಸಭೆಯಲ್ಲಿ ಹೊಗಳಿದರೆ ಮ್ಯಾನೇಜರ್ ಜೋಪಾನವಾಗಿ ಕಟ್ಟಿದ ಸಂಬಂಧ ಹಾಳಾಗುತ್ತದೆ. ಇಂಥವನ್ನು ಖಾಸಗಿಯಾಗಿ ಹೇಳುವುದೇ ಕ್ಷೇಮ. ಪಾಳಿ ಪಟ್ಟಿಯನ್ನು ಎರಡು ವಾರ ಮುಂಚೆ ಪ್ರಕಟಿಸುವ ಪದ್ಧತಿ ತಂದದ್ದು, ಸಭೆಗಳನ್ನು ಅರ್ಧಕ್ಕೆ ಇಳಿಸಿದ್ದು ಎಲ್ಲರಿಗೂ ಗೊತ್ತಿರುವ ಕೆಲಸಗಳು. ಅವನ್ನು ಎಲ್ಲರೆದುರೇ ಹೇಳಬಹುದು.

ಬರವಣಿಗೆಗೆ ಒಂದು ಹೆಚ್ಚಿನ ಉಪಯೋಗವಿದೆ. ಮ್ಯಾನೇಜರ್‌ನ ಮೇಲಧಿಕಾರಿಗೆ ಕಾಣುವುದು ತಂಡದ ಅಂಕಿಅಂಶ ಮಾತ್ರ, ಆ ಅಂಕಿಯ ಹಿಂದಿನ ದಿನಚರಿಗೆ ಸಾಕ್ಷಿಗಳು ತಂಡದವರು. ಆದ್ದರಿಂದ ಮೂರರಿಂದ ಐದು ವಾಕ್ಯದ ಒಂದು ಟಿಪ್ಪಣಿಯನ್ನು ನೇರವಾಗಿ ಆ ಮೇಲಧಿಕಾರಿಗೆ ಕಳಿಸಿದರೆ, ಮುಂದಿನ ಮೌಲ್ಯಮಾಪನದಲ್ಲಿ ಅದು ಪುರಾವೆಯಾಗಿ ನಿಲ್ಲುತ್ತದೆ. ಕಳಿಸುವ ಮುನ್ನ ಮ್ಯಾನೇಜರ್‌ಗೆ ತಿಳಿಸಿ. ತಮಗೆ ಗೊತ್ತಿಲ್ಲದೆ ತಮ್ಮ ಬಗ್ಗೆ ಮೇಲೆ ಪತ್ರ ಹೋಗುವುದು, ಹೊಗಳಿಕೆಯೇ ಆಗಿದ್ದರೂ, ಅವರನ್ನು ಇಕ್ಕಟ್ಟಿಗೆ ಸಿಲುಕಿಸಬಹುದು.

ಉಡುಗೊರೆಯ ವಿಷಯ ಚಿಕ್ಕದು. ಬೇಡ. ಅಮೆರಿಕದಲ್ಲಿ 1958ರಿಂದ ಅಕ್ಟೋಬರ್ 16ರಂದು ಬಾಸ್‌ಗಳ ದಿನ ಆಚರಿಸುವ ರೂಢಿ ಇದೆ. ಅದೇ ದೇಶದ ಒಕ್ಕೂಟ ಸರ್ಕಾರದ ನೌಕರರು ಮೇಲಧಿಕಾರಿಗೆ ಉಡುಗೊರೆ ಕೊಡುವುದಕ್ಕೆ, ಕೆಲವು ಸಣ್ಣ ವಿನಾಯಿತಿ ಬಿಟ್ಟರೆ, ನಿಷೇಧವೂ ಇದೆ. ನಿಷೇಧದ ಕಡೆಗೇ ಹೆಚ್ಚು ವಿವೇಕವಿದೆ. ಚಂದಾ ಎತ್ತಿ ಬಾಸ್‌ಗೆ ಏನನ್ನೋ ಕೊಡುವ ಕಡೆ, ಕಡಿಮೆ ಸಂಬಳದವರು ಇಷ್ಟವಿಲ್ಲದಿದ್ದರೂ ಕೈ ಬಿಚ್ಚಬೇಕಾಗುತ್ತದೆ, ಯಾರು ಕೊಡಲಿಲ್ಲ ಎಂಬುದು ಬೇಗ ಗೊತ್ತಾಗುತ್ತದೆ.

ಯಾವುದನ್ನು ಮೆಚ್ಚಬಾರದು

ಮೆಚ್ಚಿದ್ದು ಬೆಳೆಯುತ್ತದೆ. ರಾತ್ರಿ 2 ಗಂಟೆಗೂ ಮೇಲ್‌ಗೆ ಉತ್ತರಿಸುತ್ತಾರೆ ಎಂದು ಹೊಗಳಿದರೆ ತಂಡಕ್ಕೆಲ್ಲ ಅದೇ ಅಳತೆಗೋಲಾಗುತ್ತದೆ. ಎಲ್ಲ ಸಮಸ್ಯೆಯನ್ನೂ ತಾವೇ ನುಗ್ಗಿ ಬಗೆಹರಿಸುವ ಮ್ಯಾನೇಜರ್ ಮೆಚ್ಚುಗೆಗೆ ಸುಲಭವಾಗಿ ಒದಗುತ್ತಾರೆ, ಆದರೆ ಅವರ ತಂಡದಲ್ಲಿ ಯಾರೂ ಸ್ವಂತವಾಗಿ ತೀರ್ಮಾನಿಸಲು ಕಲಿಯುವುದಿಲ್ಲ. ಅಂಥವರು ಒಂದು ಸಲ ಕೈ ಕಟ್ಟಿ ನಿಂತು, ‘ನೀನೇ ಮಾಡು, ಸಿಕ್ಕಿಕೊಂಡರೆ ಕರೆ’ ಎಂದಾಗ ಅದನ್ನು ಗುರುತಿಸಿ ಹೇಳಬೇಕು. ಹಳೆಯ ಕೈಚಳಕ ಗೊತ್ತಿದ್ದೂ ಸುಮ್ಮನಿರುವುದು ಅವರಿಗೆ ಎಷ್ಟು ಕಷ್ಟ ಎಂಬುದು ಹೊರಗಿನವರಿಗೆ ತಿಳಿಯದು.

ಗೆದ್ದೆತ್ತಿನ ಬಾಲ ಹಿಡಿಯುವವರು, ಕೂಗಾಡುವವರು, ಅವಮಾನಿಸುವವರು ಯಾವ ಕಚೇರಿಯಲ್ಲೂ ಇರಬಹುದು. ಅವರ ಬಗ್ಗೆ ಒಳ್ಳೆಯ ಮಾತು ಹುಡುಕುವ ಹೊಣೆ ನೌಕರರ ಮೇಲಿಲ್ಲ. ಕಿರುಕುಳಕ್ಕೆ ಇರುವ ದಾರಿ ದೂರು. ಎಲ್ಲರೂ ಸಹಿ ಹಾಕಲೇಬೇಕಾದ ಶುಭಾಶಯ ಪತ್ರ ಮೇಜಿಂದ ಮೇಜಿಗೆ ಸುತ್ತುವಾಗ, ಸಹಿ ಹಾಕದವರ ಮೌನವನ್ನು ಯಾರೂ ಪ್ರಶ್ನಿಸಬಾರದು.

ಮೇಲಿನವರ ಪಾಲು

ಮಾತಿನ ಮೆಚ್ಚುಗೆಯನ್ನು ತಂಡ ಕೊಡಬಹುದು. ಸಮಯ, ತರಬೇತಿ, ತಂಡದ ಗಾತ್ರ ಇವು ಮ್ಯಾನೇಜರ್‌ನ ಮೇಲಿನವರ ಕೈಯಲ್ಲಿವೆ, ನನ್ನ ದೃಷ್ಟಿಯಲ್ಲಿ ಮೆಚ್ಚುಗೆಯ ದೊಡ್ಡ ಪಾಲು ಇದೇ. ಲೆಕ್ಕ ಸರಳ. 8 ಜನರ ತಂಡದಲ್ಲಿ ವಾರಕ್ಕೆ ಒಬ್ಬೊಬ್ಬರ ಜೊತೆ 30 ನಿಮಿಷ ಕೂತರೆ 4 ಗಂಟೆ. ಅದಕ್ಕೆ ಮುಂಚಿನ ತಯಾರಿ, ಆಮೇಲಿನ ಟಿಪ್ಪಣಿ ಸೇರಿ ತಲಾ 15 ನಿಮಿಷ ಹಿಡಿದರೆ 6 ಗಂಟೆ. 15 ಜನರಾದರೆ ಅದೇ ಲೆಕ್ಕ 11 ಗಂಟೆ ದಾಟುತ್ತದೆ. 40 ಗಂಟೆಯ ವಾರದಲ್ಲಿ ಕಾಲು ಭಾಗಕ್ಕೂ ಹೆಚ್ಚು. ಅವರಿಗೆ ಸ್ವಂತದ ಗುರಿಗಳನ್ನೂ ಹಾಗೇ ಇಟ್ಟರೆ, ಕತ್ತರಿ ಬೀಳುವುದು ಈ ಮಾತುಕತೆಗೇ.

ತರಬೇತಿಯದ್ದು ಇನ್ನೂ ಹಳೆಯ ಗಾಯ. ಗ್ಯಾಲಪ್‌ನ ಅದೇ ವರದಿಯಲ್ಲಿ ಮ್ಯಾನೇಜರ್ ಕೆಲಸಕ್ಕೆ ತರಬೇತಿ ಪಡೆದಿದ್ದೇವೆ ಎಂದವರು ಶೇ 44 ಮಾತ್ರ. ಉಳಿದವರು ನೀರಿಗೆ ಬಿದ್ದು ಈಜು ಕಲಿತವರು. ಆಯ್ಕೆಯಲ್ಲೂ ದೋಷವಿದೆ. ಸಂಶೋಧಕರಾದ ಅಲನ್ ಬೆನ್ಸನ್, ಡ್ಯಾನಿಯೆಲ್ ಲಿ, ಕೆಲ್ಲಿ ಶೂ 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ 131 ಕಂಪನಿಗಳ ಮಾರಾಟ ವಿಭಾಗಗಳ ದಾಖಲೆ ನೋಡಿದಾಗ, ಅತಿ ಹೆಚ್ಚು ಮಾರಾಟ ಮಾಡಿದವರಿಗೇ ಬಡ್ತಿ ಸಿಗುತ್ತಿತ್ತು, ಆದರೆ ಅವರ ಕೈಕೆಳಗೆ ಬಂದವರ ಮಾರಾಟ ಇಳಿಯುತ್ತಿತ್ತು. ಒಳ್ಳೆಯ ಕೆಲಸಗಾರರಿಗೆ ಬಹುಮಾನವಾಗಿ ಮ್ಯಾನೇಜರ್ ಹುದ್ದೆ ಕೊಡುವ ಪದ್ಧತಿಯಲ್ಲಿ ಹೀಗೆ ಎರಡು ನಷ್ಟ: ಒಬ್ಬ ಪರಿಣತರು ಹೋದರು, ಹೊಸ ಕೆಲಸವನ್ನು ಯಾರೂ ಅವರಿಗೆ ಕಲಿಸಲಿಲ್ಲ.

ಮೇಲಧಿಕಾರಿಗಳು ಇವತ್ತಿನಿಂದಲೇ ಬದಲಿಸಬಹುದಾದ ಒಂದು ಸಂಗತಿ ಎಂದರೆ ಮೌಲ್ಯಮಾಪನದ ಪ್ರಶ್ನೆಗಳು. ‘ಗುರಿ ತಲುಪಿದಿರಾ?’ ಎಂಬುದರ ಜೊತೆ ಇವನ್ನೂ ಕೇಳಬೇಕು: ಈ ಆರು ತಿಂಗಳಲ್ಲಿ ತಂಡದೊಳಗೆ ಬಾರದಂತೆ ತಡೆದ ಕೆಲಸ ಯಾವುದು? ಯಾವ ಸಮಸ್ಯೆಯನ್ನು ಮೇಲಧಿಕಾರಿಗಳವರೆಗೆ ಹೋಗುವ ಮೊದಲೇ ಬಗೆಹರಿಸಿದಿರಿ? ತಂಡದಲ್ಲಿ ಯಾರು ಈಗ ಹೊಸದಾಗಿ ಏನನ್ನು ಸ್ವತಂತ್ರವಾಗಿ ಮಾಡುತ್ತಿದ್ದಾರೆ? ಉತ್ತರಕ್ಕೆ ದಿನಾಂಕ ಮತ್ತು ವಿವರ ಕೇಳಬೇಕು, ಇಲ್ಲದಿದ್ದರೆ ಇದೂ ಕಾಟಾಚಾರದ ಕಾಲಂ ಆಗುತ್ತದೆ. ತಂಡದವರು ಬರೆದ ಟಿಪ್ಪಣಿಗಳು ಉಪಯೋಗಕ್ಕೆ ಬರುವುದು ಇಲ್ಲೇ.

ಹುದ್ದೆ ತೆಗೆಯಲು ಹೊರಟ ಸಂಸ್ಥೆಗೂ ಇದೇ ದಾರಿ ಅನ್ವಯಿಸುತ್ತದೆ. ನಿರ್ಧಾರಕ್ಕೆ ಮುಂಚೆ ಆ ಮ್ಯಾನೇಜರ್‌ನಿಂದ ಎರಡು ವಾರದ ದಿನಚರಿ ಬರೆಸಿ, ಪ್ರತಿ ಕೆಲಸದ ಮುಂದೆ ಇನ್ನೆರಡು ಕಾಲಂ ಹಾಕಬೇಕು: ಇನ್ನು ಮುಂದೆ ಇದನ್ನು ಯಾರು ಮಾಡುತ್ತಾರೆ, ಅವರಿಗೆ ಆ ಗಂಟೆಗಳು ಎಲ್ಲಿಂದ ಬರುತ್ತವೆ. ವರದಿ ಒಪ್ಪಿಸುವುದು, ಸಭೆಗೆ ಹೋಗುವುದು ಇಂಥವಕ್ಕೆ ಹೆಸರುಗಳು ಬೇಗ ಸಿಗುತ್ತವೆ. ಹೊಸಬರ ಮೊದಲ ತಿಂಗಳು, ರಜೆಗಳ ಹೊಂದಾಣಿಕೆ, ಇಬ್ಬರ ನಡುವೆ ಹೊಗೆಯಾಡುತ್ತಿರುವ ಮನಸ್ತಾಪ, ಗ್ರಾಹಕರಿಗೆ ‘ಆಗುವುದಿಲ್ಲ’ ಎಂದು ಹೇಳುವ ಫೋನ್ ಕರೆ: ಈ ಸಾಲುಗಳ ಮುಂದೆ ಹೆಸರು ಬರೆಯುವ ತನಕ ನಿರ್ಧಾರವನ್ನು ತಡೆಹಿಡಿಯಬೇಕು.